ಡಬ್ಬಿ ತಂದವರಿಗೆ ಮೀನು

ರಾಮದುರ್ಗದ ಮೀನಂಗಡಿ ಖಾಸಿಮಸಾಬರು ಪ್ಲಾಸ್ಟಿಕ್ ಚೀಲ ಎಂದರೆ ಹಾವು ಕಂಡಂತೆ ಬೆಚ್ಚುತ್ತಾರೆ. ಗಿರಾಕಿ ಕೇಳಿದರೆ, “ಮನಿಗಿ ಹೋಗಿ ಡಬ್ಬಿ ತಗೊಂಡ ಬರ್ರಿ, ಮೀನ ಎಲ್ಲೂ ಓಡಿ ಹೋಗೂದಿಲ್ಲ,” ಎನ್ನುತ್ತಾರೆ. ಕಾರವಾರದ ಬಂಗಡೆಯನ್ನೂ ಪ್ಲಾಸ್ಟಿಕ್ ಹಾಳೆ ಸುತ್ತದೆ ಬುಟ್ಟಿಯಲ್ಲೇ ತರಬೇಕೆಂದು ಲಾರಿಯವನೊಡನೆ ವಾರವಾರವೂ ಜಗಳವಾಡುತ್ತಾರೆ. “ಹೊಳಿಗಿ ಬಿದ್ದದ್ದು ಸಮುದ್ರಕ್ಕ ಮುಟ್ಟತೈತಿ,” ಎಂದು ಗೊಣಗುತ್ತಲೇ ಮೀನು ಸೀಳುತ್ತಾರೆ; ಹೊಟ್ಟೆಯೊಳಗೆ ಬೆರಳಿಟ್ಟು ಮೂಲೆಮೂಲೆ ತಡಕಿ ನೋಡಿದ ಮೇಲೆಯೇ ತಕ್ಕಡಿಗೆ ಹಾಕುತ್ತಾರೆ. ಹೋದ ವರ್ಷ ಮಲಪ್ರಭೆಯ ದೊಡ್ಡ ಬಾಳೆಮೀನೊಂದರ ಹೊಟ್ಟೆಯಲ್ಲಿ ನೀಲಿ ಚೀಲವೊಂದು ಮುದ್ದೆಯಾಗಿ ಸಿಕ್ಕಿತ್ತು. ತೊಳೆದು ಬಿಡಿಸಿದರೆ ಅದರ ಮೇಲೆ ಅವರದೇ ಅಂಗಡಿಯ ಹೆಸರಿತ್ತು. ಅಂಥ ಚೀಲಗಳನ್ನು ಅವರು ಐದು ಸಾವಿರ ಅಚ್ಚು ಹಾಕಿಸಿ ಊರಿಗೆಲ್ಲ ಹಂಚಿದ್ದರು. ಇದುವರೆಗೆ ಸಿಕ್ಕಿರುವುದು ಒಂದೇ.