ಆನೆಗೂ ಬೆಂಕಿಗೂ ಒಂದೇ ಕೂಗು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಬಣಕಲ್ ಸುತ್ತಿನ ಎಸ್ಟೇಟುಗಳ ಕಾಫಿ ಡ್ರೈಯರುಗಳಿಗೆ ತಾಪಮಾನದ ಕಂಟ್ರೋಲರ್ ಕೂರಿಸುವುದು ನನ್ನ ಕೆಲಸ. ಯಾರಾದರೂ ಎದುರಾಡಿದರೆ ಸ್ಕ್ರೂಡ್ರೈವರ್ ಎಸೆದು ಹೊರಟುಬಿಡುತ್ತಿದ್ದೆ. ಗೋಣಿಬೀಡಿನ ಹತ್ತಿರದ ಆ ಎಸ್ಟೇಟಿನಲ್ಲಿ ಮಾತ್ರ ಹಾಗೆ ಮಾಡುವಂತಿರಲಿಲ್ಲ. ನನ್ನ ಅಕ್ಕ ಅಲ್ಲಿ ಕಾಫಿ ಹಣ್ಣು ಕೊಯ್ಯುತ್ತಿದ್ದಳು. ನಾನು ಜಗಳ ತೆಗೆದರೆ ಅವಳ ಕೆಲಸಕ್ಕೆ ಕುತ್ತು.

ಕಂಟ್ರೋಲರಿಗೆ ಎರಡು ಅಲಾರಂ ಹಾಕಿದೆ. ಡ್ರೈಯರಿನ ಗಾಳಿ ತೀರಾ ತಣ್ಣಗಾದರೆ ಕೆಂಪು ದೀಪ. ಬೆಳಗ್ಗೆ ಒಲೆ ಹಚ್ಚುವಾಗ ಅದು ಸುಮ್ಮನೆ ಉರಿಯದಂತೆ, ಒಮ್ಮೆ ಬಿಸಿಯೇರಿದ ಮೇಲಷ್ಟೇ ಎಚ್ಚರಾಗುವಂತೆ ಮಾಡಿದೆ. ಬಿಸಿ ಮಿತಿ ಮೀರಿದರೆ ಮಾತ್ರ ಸೈರನ್. ಮನುಷ್ಯ ಬಂದು ಗುಂಡಿ ಒತ್ತುವವರೆಗೆ ಅದು ಬಾಯಿ ಮುಚ್ಚಬಾರದು, ಹಾಗೆ ಸೆಟ್ ಮಾಡಿದ್ದೆ. ಅದಕ್ಕೊಂದು ಬೇರೆ ಸೈರನ್ ತರಿಸಿ ಎಂದು ತೋಟದ ಸಾಹುಕಾರರಿಗೆ ಹೇಳಿದೆ.

"ಕಂಬದ ಮೇಲೆ ಆನೆ ಸೈರನ್ ಇದೆಯಲ್ಲ ಮಾರಾಯ, ಅದಕ್ಕೇ ಕನೆಕ್ಷನ್ ಕೊಡು. ಕೂಗಿದ್ರೆ ಆಯ್ತಪ್ಪ."

"ಆನೆ ಅಂದ್ರೆ ಜನ ಎಲ್ಲಿಗೆ ಓಡ್ತಾರೆ ಸಾವ್ಕಾರ್ರೆ? ಇದೇ ಶೆಡ್ಡಿಗಲ್ವಾ?"

ಆ ತೋಟದಲ್ಲಿ ಕಲ್ಲಿನ ಗೋಡೆ ಇದ್ದದ್ದು ಡ್ರೈಯರ್ ಶೆಡ್ಡಿಗೆ ಮಾತ್ರ. ತೋಟಕ್ಕೆ ಆನೆ ಬಂದಾಗ ಕೂಗುವ ಆ ಸೈರನ್ ಕೇಳಿದ ಕೂಡಲೇ ಬುಟ್ಟಿ ಬಿಸಾಕಿ ಅದರೊಳಗೆ ನುಗ್ಗಿ ಬಾಗಿಲು ಹಾಕಿಕೊಳ್ಳುವುದು ಅಲ್ಲಿನ ರೂಢಿ. ಸಾಹುಕಾರರು ನಕ್ಕರು. "ನಿನ್ನಕ್ಕ ಇಲ್ಲೇ ದುಡೀತಾಳೆ ಅನ್ನೋದು ನೆನಪಿರ್ಲಿ" ಎಂದರು. ನಾನು ಹಲ್ಲು ಕಚ್ಚಿಕೊಂಡು ಕಂಬಕ್ಕೆ ವೈರು ಎಳೆದೆ.

ಒಂದು ಮಧ್ಯಾಹ್ನ ಅಲ್ಲೇ ಪಂಪ್‌ಹೌಸಿನಲ್ಲಿ ಮೋಟಾರು ಬಿಚ್ಚುತ್ತಿದ್ದಾಗ ಸೈರನ್ ಅರಚಿತು. ಶೆಡ್ಡಿಗೆ ಓಡಿದೆ. ಗಾಳಿ ಊದುವ ಬ್ಲೋವರಿನ ಬೆಲ್ಟು ಹರಿದು, ಒಲೆಯ ಶಾಖಕ್ಕೆ ಹೋಗಲು ದಾರಿಯಿಲ್ಲದೆ, ಅದರ ಹಿಂದೆ ಪೇರಿಸಿದ್ದ ಕಾಫಿ ಸಿಪ್ಪೆಯ ರಾಶಿಗೆ ಬೆಂಕಿ ತಗುಲಿತ್ತು. ಡ್ರೈಯರ್ ನೋಡಿಕೊಳ್ಳುವವನು ಕೆಮ್ಮುತ್ತ ಹೊರಗೆ ಬಂದು ಬಿದ್ದ. ಸೈರನ್ ನಿಲ್ಲಿಸುವ ಗುಂಡಿ ಆ ಬೆಂಕಿಯ ಆಚೆಗಿತ್ತು.

ಅಷ್ಟರಲ್ಲಿ ಹಣ್ಣು ಕೊಯ್ಯುತ್ತಿದ್ದ ಹೆಂಗಸರು ಬಂದರು. ಆ ಶೆಡ್ಡಿನಿಂದ ಹೊಗೆ ಏಳುವುದು ಅವರಿಗೆ ಹೊಸದಲ್ಲ. ಹಿಂದೆ ಆನೆಯಿದೆ ಎಂದು ನಂಬಿದವರ ಓಟ ಅದು. "ಬೆಂಕಿ! ಆನೆಯಲ್ಲ!" ಎಂದು ಬಾಗಿಲಿಗೆ ಅಡ್ಡ ನಿಂತು ಗಂಟಲು ಹರಿಯುವಂತೆ ಕಿರುಚಿದೆ. ಸೈರನ್ನಿನ ಕೂಗಿನಲ್ಲಿ ನನ್ನ ಮಾತು ನನಗೇ ಕೇಳಲಿಲ್ಲ. ಮುಂದಿನವಳು ನನ್ನನ್ನು ತಳ್ಳಿದಳು. ಕೆಳಗಿದ್ದ ಸೌದೆ ಎತ್ತಿಕೊಂಡು ಅವಳ ಕೈಗೆ ಬಾರಿಸಿದೆ. ಇನ್ನೊಬ್ಬಳ ಮೊಣಕಾಲಿಗೆ ಬೀಸಿದೆ. ಒಬ್ಬಳು ನನ್ನ ಮುಖ ಪರಚಿದಳು, ಅವಳನ್ನು ಜುಟ್ಟು ಹಿಡಿದು ಅಂಗಳಕ್ಕೆ ಎಸೆದೆ. ಆಗ ಅಕ್ಕ ತಲೆ ತಗ್ಗಿಸಿಕೊಂಡು ನುಗ್ಗಿದಳು. ಎದುರಿಗಿದ್ದದ್ದು ಯಾರೆಂದೂ ಅವಳು ನೋಡಲಿಲ್ಲ. ನಾನು ನೋಡಿದೆ. ನೋಡಿಯೇ ಇದ್ದ ಬಲವನ್ನೆಲ್ಲ ಹಾಕಿ ಅವಳ ಹೆಗಲಿಗೆ ಹೊಡೆದೆ. ಮೂಳೆ ಮುರಿದದ್ದು ಕೈಗೆ ಗೊತ್ತಾಯಿತು.

ಅವಳು ಬಿದ್ದ ಮೇಲೆ ಉಳಿದವರು ನಿಂತರು. ಛಾವಣಿಯ ಸಿಮೆಂಟ್ ಶೀಟುಗಳು ಪಟಾಕಿಯಂತೆ ಸಿಡಿದು ಶೆಡ್ಡಿನೊಳಗೆ ಕುಸಿದವು.

ಸಾಹುಕಾರರು ಓಡಿ ಬಂದು ನನ್ನ ಕಾಲರ್ ಹಿಡಿದರು. "ಹೆಂಗಸ್ರಿಗೆ ಹೊಡೀತೀಯೇನೋ, ಬೇವರ್ಸಿ!"

ಅವರ ಕುತ್ತಿಗೆಗೆ ಕೈ ಹಾಕಿ, ಬಾಗಿಲವರೆಗೆ ದರದರ ಎಳೆದೊಯ್ದು, ಉರಿಯುವ ಶೆಡ್ಡಿಗೆ ಮುಖ ಮಾಡಿ ಹಿಡಿದೆ. ಹುಬ್ಬು ಸುಟ್ಟ ವಾಸನೆ ಬಂತು. ಜನ ಬಂದು ಬಿಡಿಸದಿದ್ದರೆ ಆವತ್ತು ಅವರನ್ನು ಒಳಗೆ ತಳ್ಳುತ್ತಿದ್ದೆ. ಅದಕ್ಕೆ ನನಗೆ ಇವತ್ತಿಗೂ ನಾಚಿಕೆಯಿಲ್ಲ.

ಮೂಡಿಗೆರೆಯ ಆಸ್ಪತ್ರೆಯಲ್ಲಿ ಅಕ್ಕನ ಹೆಗಲಿಗೆ ಪಟ್ಟಿ ಕಟ್ಟಿದರು. ಆ ಕೈ ಇನ್ನು ಎತ್ತರದ ಕೊಂಬೆಗೆ ಏಳುವುದಿಲ್ಲ ಎಂದರು ಡಾಕ್ಟರು. ಬೆಂಕಿಯ ವಿಷಯ ಅವಳಿಗೆ ಆಗಲೇ ಯಾರೋ ಹೇಳಿದ್ದರು.

"ಆನೇನೇ ಬಡೀತು ಅಂದ್ಕೊಂಡೆ ಕಣೋ," ಎಂದಳು. "ಕಣ್ಣು ಬಿಟ್ರೆ ನೀನು."

ಅವಳ ಕಾಲು ಹಿಡಿದುಕೊಂಡು ಅತ್ತುಬಿಟ್ಟೆ.