ಹರಿಹರದಲ್ಲಿ ಕಲ್ಲಿನ ಮೇಲೆ ನಿಂತ ಹೊಸ ಕಾರು

1964ರ ಜೂನ್‌ನಲ್ಲಿ ಒಂದು ಬೆಳಿಗ್ಗೆ ಹರಿಹರದ ಪ್ರವಾಸಿ ಮಂದಿರದ ಅಂಗಳದಲ್ಲಿ ಬ್ರೇಕ್ ಇನ್‌ಸ್ಪೆಕ್ಟರು ಪಾಸಿಂಗಿಗೆ, ಅಂದರೆ ಗಾಡಿ ರಸ್ತೆಗೆ ಯೋಗ್ಯವೇ ಎಂಬ ತಪಾಸಣೆಗೆ, ಕರೆದಾಗ, ದಾವಣಗೆರೆಯ ಒಂದು ಬಾಡಿಗೆ ಕಾರು ನಾಲ್ಕೂ ಗಾಲಿಯಿಲ್ಲದೆ ಕಲ್ಲಿನ ಮೇಲೆ ನಿಂತಿತ್ತು. ಕಾರು ಹೊಸದು. ರಸ್ತೆಗಿಳಿದ ಮೇಲೆ ಅದಕ್ಕೆ ಅದೇ ಮೊದಲ ಪಾಸಿಂಗು.

ಕಾರಿನ ಧಣಿ ನನ್ನ ಸೋದರತ್ತೆಗೆ ಭಾವನಾಗಬೇಕು. ಅವರ ಗಂಡನ ದೊಡ್ಡಪ್ಪನ ಮಗ. ನಾನಾಗ ದಾವಣಗೆರೆಯ ಒಂದು ಪತ್ರಿಕೆಯಲ್ಲಿ ವರದಿಗಾರ.

ಟೈರು ದುಡ್ಡು ಕೊಟ್ಟರೂ ಬೇಗ ಸಿಗದ ಕಾಲ. ಬಾಡಿಗೆ ಕಾರಿನವರಲ್ಲಿ ಒಂದು ವಾಡಿಕೆಯಿತ್ತು. ಪಾಸಿಂಗಿನ ದಿನ ಸವೆದ ಟೈರಿನ ಗಾಡಿಗೆ ಸ್ಟ್ಯಾಂಡಿನ ಇನ್ನೊಬ್ಬರು ತಮ್ಮ ಒಳ್ಳೆಯ ಗಾಲಿ ಬಿಚ್ಚಿ ಕೊಡುತ್ತಿದ್ದರು. ಸಂಜೆ ವಾಪಸು. ಇಲ್ಲ ಅನ್ನುವವರಿರಲಿಲ್ಲ. ಎರಡು ವರ್ಷದ ಹಿಂದೆ ಅತ್ತೆಯ ಗಂಡ, ನನ್ನ ಮಾವ, ಕೇಳಿದಾಗ ಈ ಭಾವ ಇಲ್ಲ ಅಂದರು. ಹಿಂದಿನ ಸಂಜೆಯವರೆಗೂ ಕೊಡುತ್ತೇನೆಂದು ಹೇಳಿ, ಬೆಳಿಗ್ಗೆ ಚಹಾದ ಅಂಗಡಿಯ ಮುಂದೆ ಎಲ್ಲರೆದುರು ಅಂದ ಮಾತು ಇದು:

"ಗಾಲಿ ಅಂದ್ರೆ ಹೆಂಡ್ತಿ ಇದ್ದಂಗಪಾ ತಮ್ಮಾ. ಕಡ ಕೊಡಾಕ ಆಗ್ತೈತಾ?"

ಜನ ನಕ್ಕರು. ಮಾವನ ಕಾರು ಫೇಲಾಯಿತು. ಹರಿಹರದ ಮಂಡಿ ಸಾಹುಕಾರರೊಬ್ಬರ ಖಾಯಂ ಬಾಡಿಗೆ ಮಾವನ ಕೈಬಿಟ್ಟು ಭಾವನ ಪಾಲಾಯಿತು. ಅದಕ್ಕೆಂದೇ ಭಾವ ಹಳೆಯ ಕಾರು ಮಾರಿ ಹೊಸದು ತಂದರು. ಮಾವ ಆ ವರ್ಷವೇ ತೀರಿಕೊಂಡರು. ಡಾಕ್ಟರು ಹೃದಯಾಘಾತ ಎಂದರು. ಅತ್ತೆ ಒಬ್ಬ ಮನುಷ್ಯನ ಹೆಸರು ಹೇಳುತ್ತಿದ್ದರು.

ಅತ್ತೆ ಕಾರು ಮಾರಲಿಲ್ಲ. ಟೈರಿಗೆ ಹೆಸರು ಬರೆಸಿ, ತಿಂಗಳುಗಟ್ಟಲೆ ಕಾದು, ನಾಲ್ಕೂ ಹೊಸವು ಹಾಕಿಸಿ ಶೆಡ್ಡಿನಲ್ಲಿ ನಿಲ್ಲಿಸಿದರು.

ಹೊಸ ಕಾರಿಗೆ ಪಾಸಿಂಗು ಇಲ್ಲವೆಂದೇ ಭಾವ ನಂಬಿದ್ದರು. ಸ್ವಂತಕ್ಕಿಟ್ಟ ಕಾರಿಗೆ ಆ ಮಾತು ನಿಜ. ಬಾಡಿಗೆಗೆ ಬಿಟ್ಟ ಕಾರಿಗೆ, ಮೊದಲು ಕೊಟ್ಟ ಯೋಗ್ಯತಾ ಪತ್ರದ ಅವಧಿ ಮುಗಿದ ಕೂಡಲೇ ಪಾಸಿಂಗು. ಅದು ಗೊತ್ತಾದಾಗ ಒಂದು ವಾರ ಉಳಿದಿತ್ತು. ಕೊಂಡಜ್ಜಿ ಕಡೆಯಿಂದ ಶೇಂಗಾ ಚೀಲ ಹೇರಿ ಹೇರಿ ಟೈರು ಬೋಳಾಗಿದ್ದವು. ವಾಡಿಕೆ ಮುರಿದವರಿಗೆ ಸ್ಟ್ಯಾಂಡಿನಲ್ಲಿ ಯಾರೂ ಗಾಲಿ ಕೊಡಲಿಲ್ಲ. ಫೇಲಾದರೆ ಸಾಹುಕಾರರ ಬಾಡಿಗೆ ಹೋಗುತ್ತದೆ. ಭಾವ ಅತ್ತೆಯ ಮನೆಗೆ ಬಂದರು.

"ಯವ್ವಾ, ಒಂದಿನದ ಮಟ್ಟಿಗೆ ಗಾಲಿ ಕೊಡು. ಮನೆತನದ ಮಾನ ಐತೆ."

"ತಗಂಡೋಗ್ರಿ ಭಾವ. ಸುಮ್ನೆ ನಿಂತಾವೆ," ಎಂದರು ಅತ್ತೆ. ಕಾಫಿಯನ್ನೂ ಕೊಟ್ಟರು.

ಪಾಸಿಂಗಿನ ದಿನ ಅತ್ತೆ ನನ್ನನ್ನೂ ಮಾವನ ಹಳೆಯ ಡ್ರೈವರನನ್ನೂ ಕರೆದುಕೊಂಡು ಮೊದಲ ಬಸ್ಸಿಗೆ ಹರಿಹರಕ್ಕೆ ಹೊರಟರು. ಡ್ರೈವರನ ಚೀಲದಲ್ಲಿ ಜಾಕು, ಪಾನಾ ಇದ್ದವು. ಇನ್‌ಸ್ಪೆಕ್ಟರು ಪ್ರವಾಸಿ ಮಂದಿರದ ಒಳಗೆ ತಿಂಡಿ ತಿನ್ನುತ್ತಿದ್ದರು. ಭಾವ ಹಣೆತುಂಬ ವಿಭೂತಿ ಧರಿಸಿ ಕಾರಿಗೆ ಹೂವಿನ ಹಾರ ಕಟ್ಟುತ್ತಿದ್ದರು.

"ಗಾಲಿ ಕೊಡ್ರಿ ಭಾವ."

"ಈಗಾ? ಸಂಜೀಗೆ ತಂದು ಕೊಡ್ತೀನಲ್ಲವ್ವಾ!"

"ಸಂಜೀಗೆ ಬ್ಯಾಡ. ಈಗ ಬೇಕು."

"ಜನ ನೋಡ್ತಾರೆ, ಯವ್ವಾ."

"ನೋಡ್ಲಿ ಅಂತ್ಲೇ ಇಲ್ಲಿಗೆ ಬಂದೀನಿ."

ಸಾಲಿನಲ್ಲಿದ್ದ ಲಾರಿ ಡ್ರೈವರನೊಬ್ಬ, "ಕೊಟ್ಬಿಡ್ರಿ ಯಜಮಾನ್ರೆ, ಹೆಣ್ಮಗಳ ಸಾಮಾನು," ಎಂದ. ಇನ್ನಿಬ್ಬರು ಕೇಳದೆಯೇ ಕಲ್ಲು ಹೊತ್ತು ತಂದರು. ನಮ್ಮ ಡ್ರೈವರು ಒಂದೊಂದಾಗಿ ಗಾಲಿ ಬಿಚ್ಚುವವರೆಗೂ ಅತ್ತೆ ಭಾವನ ಮುಖವನ್ನೇ ನೋಡುತ್ತ ನಿಂತಿದ್ದರು.

ಇನ್‌ಸ್ಪೆಕ್ಟರು ಕೈ ಒರೆಸಿಕೊಳ್ಳುತ್ತ ಹೊರಬಂದರು.

"ಇದನ್ನ ಹೇಗ್ರಿ ಓಡಿಸಿ ನೋಡೋದು?"

"ಹೊತ್ಗಂಡು ಹೋಗ್ಬೇಕು ಸಾರ್, ಪಲ್ಲಕ್ಕಿ ಹೊತ್ತಂಗೆ," ಎಂದ ಅದೇ ಲಾರಿ ಡ್ರೈವರು. ಅಂಗಳವೆಲ್ಲ ನಕ್ಕಿತು. ಕಾರು ಫೇಲಾಯಿತು. ಗಾಲಿಗಳು ಬಸ್ಸಿನ ಮೇಲೇರಿ ದಾವಣಗೆರೆಗೆ ಬಂದವು.

ಮುಂದಿನ ಪಾಸಿಂಗಿನಲ್ಲಿ ಅತ್ತೆಯ ಕಾರು ಪಾಸಾಯಿತು. ಸಾಹುಕಾರರು ಬಾಡಿಗೆಯನ್ನು ಅವರಿಗೇ ಕೊಟ್ಟರು. ಭಾವ ಕಾರು ಮಾರಿದರು. ಕೆಲವು ವರ್ಷಗಳ ನಂತರ ಅವರು ತೀರಿಕೊಂಡಾಗ ಬೀಗರು, ನೆಂಟರು ಎಲ್ಲರೂ ಬಂದರು. ಅತ್ತೆ ಮಣ್ಣಿಗೆ ಹೋಗಲಿಲ್ಲ. ಅವರ ಕಾರು ಆ ದಿನವೂ ಬಾಡಿಗೆಗೆ ಹರಿಹರಕ್ಕೆ ಹೋಗಿತ್ತು.