ಕುಡುಕನ ಪಾಠ

ಬಸ್ ಡಿಪೋದಲ್ಲಿ ಅವರನ್ನು ಎಲ್ಲರೂ ತಣ್ಣೀರಣ್ಣ ಎಂದೇ ಕರೆಯುತ್ತಿದ್ದರು. ಕಂಡಕ್ಟರ್ ಆಗಿ ಸೇರಿದಂದಿನಿಂದ ನಿವೃತ್ತಿಯಾಗುವವರೆಗೆ ಅವರು ಪ್ರಯಾಣಿಕರ ಮೇಲೆ ದನಿ ಏರಿಸಿದ್ದನ್ನು ಕೇಳಿದವರಿರಲಿಲ್ಲ. ಬಾಯಿಗೆ ಬಂದಂತೆ ಬೈದವರಿಗೂ "ಸ್ವಲ್ಪ ಒಳಗೆ ಬನ್ನಿ" ಎಂದಷ್ಟೇ ಹೇಳಿ ಮುಂದಕ್ಕೆ ಸರಿಯುತ್ತಿದ್ದರು. ಒಮ್ಮೆ ಕಾಲರ್ ಹಿಡಿದವನೊಬ್ಬನ ಕೈಯನ್ನು ಮೆಲ್ಲಗೆ ಬಿಡಿಸಿ ಅದೇ ಕೈಯಲ್ಲಿ ಟಿಕೆಟ್ ಇಟ್ಟಿದ್ದರಂತೆ. ಮನೆಗೆ ಬಂದರೂ ಮಾತಿಲ್ಲ. ಕಾಲು ತೊಳೆದು ಗೋಡೆಗೆ ಒರಗಿ ಕೂತರೆ ಹೆಂಡತಿ ಊಟಕ್ಕೆ ಕರೆಯುವವರೆಗೂ ಹಾಗೇ. "ಇವರಿಗೆ ದೇವರು ನಾಲಿಗೆ ಕೊಟ್ಟಿರೋದು ಸ್ಟಾಂಪ್ ಅಂಟಿಸೋಕೆ" ಎಂದು ಆಕೆ ನೆರೆಮನೆಯವರ ಮುಂದೆ ನಗುತ್ತಿದ್ದರು.

ಇಂಥವರನ್ನು ಡಿಪೋ ಮ್ಯಾನೇಜರ್ ನಿವೃತ್ತಿಯ ನಂತರ ಮತ್ತೆ ಕರೆಸಿಕೊಂಡರು. ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಸಮವಸ್ತ್ರದ ಮಡಿಕೆ ಕೆಡುವ ಮೊದಲೇ ಕೆಲಸ ಬಿಟ್ಟು ಓಡುತ್ತಿದ್ದರು.

"ಟಿಕೆಟ್ ಮಿಷನ್ ಒತ್ತೋದನ್ನ ಯಾರು ಬೇಕಾದ್ರೂ ಕಲಿಸ್ತಾರೆ. ಜನ ಹೇಗೆ ಮೈಮೇಲೆ ಬೀಳ್ತಾರೆ ಅನ್ನೋದನ್ನ ಯಾರೂ ಕಲಿಸಲ್ಲ. ನೀವು ಕಲಿಸಿ. ಸ್ವಲ್ಪ ಬಿಸಿ ಮುಟ್ಟಿಸಿ" ಎಂದರು ಮ್ಯಾನೇಜರ್.

"ನನ್ನ ಕೈಲಿ ಬಿಸಿ ಮುಟ್ಟಿಸ್ತೀರಾ ಸಾರ್?"

"ಎಲ್ಲವನ್ನೂ ನುಂಗಿಕೊಂಡು ಬಂದವರು ನೀವೇ ಅಲ್ವಾ?"

ಡಿಪೋದ ಹಿತ್ತಲಲ್ಲಿ ಎಂಜಿನ್ ಕಳಚಿದ ಹಳೆಯ ಬಸ್ಸೊಂದಿತ್ತು. ಅದೇ ಪಾಠಶಾಲೆಯಾಯಿತು. ಬಿಸಿಲಿಗೆ ಕಾದ ರೆಕ್ಸಿನ್ ಸೀಟುಗಳ ಮೇಲೆ ಹೊಸಬರು ಕೂತರು. ತಣ್ಣೀರಣ್ಣ ಬಾಗಿಲ ಬಳಿ ನಿಂತು ತಾಳ್ಮೆಯ ಬಗ್ಗೆ ಮಾತಾಡಿದರು. ಹಿಂದಿನ ಸೀಟಿನಲ್ಲಿ ಯಾರೋ ಆಕಳಿಸಿದರು. ಆಕಳಿಕೆ ಮುಂದಿನ ಸೀಟಿನವರೆಗೂ ಬಂತು. ಏನು ಮಾಡಬೇಕೆಂದು ತೋಚದೆ ಅವರು ಕೆಳಗಿಳಿದು, ಪ್ರಯಾಣಿಕನ ಹಾಗೆ ಮತ್ತೆ ಹತ್ತಿದರು.

"ಏಯ್, ಕಣ್ಣು ನೆತ್ತಿ ಮೇಲೆ ಹೋಗಿದೆಯಾ? ಕೈ ತೋರಿಸಿದ್ರೂ ಬಸ್ ನಿಲ್ಲಿಸಲ್ಲ! ನಿಮ್ಮಪ್ಪನ ಮನೆ ಬಸ್ಸಾ ಇದು?"

ಆಕಳಿಸುತ್ತಿದ್ದವರು ನೆಟ್ಟಗೆ ಕೂತರು. ಎಲ್ಲರಿಗಿಂತ ಹೆಚ್ಚು ಬೆಚ್ಚಿದವರು ತಣ್ಣೀರಣ್ಣನೇ. ಆ ದನಿ ತಮ್ಮದೇ ಎಂದು ಅವರಿಗೆ ನಂಬಿಕೆಯಾಗಲಿಲ್ಲ. ಆದರೆ ಒಮ್ಮೆ ಬಾಯಿ ಬಿಟ್ಟ ಮೇಲೆ ನಿಲ್ಲಿಸಲಾಗಲಿಲ್ಲ. ಚಿಲ್ಲರೆಗೆ ಜಗಳ ತೆಗೆಯುವವರಾದರು, ಸೀಟಿಗಾಗಿ ಶಾಪ ಹಾಕುವ ಮುದುಕಿಯಾದರು, ದ್ವಂದ್ವಾರ್ಥದ ಮಾತಾಡಿ ಹಲ್ಲು ಕಿರಿಯುವ ಪೋಲಿಯಾದರು. ಅಷ್ಟು ವರ್ಷ ಕೇಳಿಸಿಕೊಂಡ ಬೈಗುಳ ಒಂದೊಂದೂ ಎಲ್ಲಿ ಅಡಗಿತ್ತೋ, ಸಾಲುಗಟ್ಟಿ ಹೊರಬಂತು. ಅಂದು ಮನೆಗೆ ಹೋದವರು ಊಟಕ್ಕೆ ಕೂತು, "ಸಾರಿಗೆ ಉಪ್ಪಿಲ್ಲ" ಎಂದರು. ಹೆಂಡತಿ ಸೌಟು ಹಿಡಿದೇ ಅವರ ಹಣೆ ಮುಟ್ಟಿ ನೋಡಿದರು.

ಪಾಠ ಹೆಸರು ಮಾಡಿತು. ಅದರಲ್ಲೂ ಅವರ ಕುಡುಕನ ಪಾತ್ರ ನೋಡಲು ಗ್ಯಾರೇಜಿನ ಮೆಕ್ಯಾನಿಕ್‌ಗಳೂ ಬಂದು ಕಿಟಕಿಯಲ್ಲಿ ಇಣುಕುತ್ತಿದ್ದರು. ಕಂಬ ಹಿಡಿದು ತೂರಾಡುತ್ತಾ, ತೊದಲುತ್ತಾ, ಸೀಟಿನಲ್ಲಿದ್ದವರ ಮೇಲೆ ವಾಲುತ್ತಾ ಬರುತ್ತಿದ್ದರು. ಕಂಡಕ್ಟರ್ ಆದವರು ಏನು ಮಾಡಬೇಕು? ವಾದಕ್ಕೆ ಇಳಿಯಬಾರದು, ತಳ್ಳಬಾರದು, ಕೈ ಹಿಡಿದು ಮುಂದಿನ ಸ್ಟಾಪಿನಲ್ಲಿ ಇಳಿಸಿಬಿಡಬೇಕು. ಆಮೇಲೆ ತಿರುಗಿ ನೋಡಬಾರದು.

ಆ ತಂಡದಲ್ಲಿ ಒಬ್ಬ ಉದ್ದನೆಯ ಹುಡುಗನಿದ್ದ. ತಲೆ ಬಸ್ಸಿನ ಚಾವಣಿಗೆ ತಾಗುತ್ತಿದ್ದರಿಂದ ಎಲ್ಲರಿಗೂ ಅವನು ಏಣಿ. ಹೇಳಿಕೊಟ್ಟದ್ದನ್ನು ಚಾಚೂ ತಪ್ಪದೆ ಮಾಡುತ್ತಿದ್ದ. ಅದೇ ತಂಡದ ಕನ್ನಡಕದ ಹುಡುಗಿಯೊಬ್ಬಳು ಅವನಿಗೆ ತೀರಾ ಉಲ್ಟಾ. ತಣ್ಣೀರಣ್ಣ ಕುಡುಕನಾಗಿ ಎದುರು ಬಂದಾಗ ಅವಳು, "ತಾತ, ಹುಷಾರಿಲ್ವಾ? ಕೂತ್ಕೊಳ್ಳಿ" ಎಂದು ತನ್ನ ನೀರಿನ ಬಾಟಲಿ ಚಾಚಿದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು.

"ಹೀಗಾದ್ರೆ ಜನ ನಿನ್ನನ್ನ ಹುರಿದು ಮುಕ್ಕಿಬಿಡ್ತಾರೆ ಕಣಮ್ಮ" ಎಂದರು ತಣ್ಣೀರಣ್ಣ. ಹುಡುಗಿ ಬಾಟಲಿಯ ಮುಚ್ಚಳ ಬಿಗಿದು ತನ್ನ ಸೀಟಿಗೆ ಮರಳಿದಳು.

ಇಬ್ಬರೂ ಕೆಲಸಕ್ಕೆ ಹೋದರು. ಕೆಲವು ವಾರಗಳ ನಂತರ ಒಂದು ಮಧ್ಯಾಹ್ನ ಏಣಿಯ ಬಸ್ಸು ತುಂಬಿ ತುಳುಕುತ್ತಿದ್ದಾಗ ಮುದುಕರೊಬ್ಬರು ತೂರಾಡತೊಡಗಿದರು. ಎಲ್ಲಿಗೆ ಹೋಗಬೇಕೆಂದು ಕೇಳಿದರೆ ತೊದಲಿದರು. ಪಕ್ಕದ ಹೆಂಗಸಿನ ಮೇಲೆ ವಾಲಿದರು. ಅವಳು ಕೂಗಾಡಿದಳು, ನಾಲ್ಕು ಜನ ದನಿಗೂಡಿಸಿದರು. ಏಣಿ ವಾದಕ್ಕೆ ಇಳಿಯಲಿಲ್ಲ, ತಳ್ಳಲಿಲ್ಲ. ಕೈ ಹಿಡಿದು ಮುಂದಿನ ಸ್ಟಾಪಿನಲ್ಲಿ ಇಳಿಸಿದ. ತಿರುಗಿ ನೋಡಲಿಲ್ಲ.

ಮುದುಕರು ಕುಡಿದಿರಲಿಲ್ಲ. ಸಕ್ಕರೆ ಕಾಯಿಲೆಯವರು, ಊಟ ತಪ್ಪಿ ರಕ್ತದಲ್ಲಿ ಸಕ್ಕರೆ ಕುಸಿದಿತ್ತು. ಸ್ಟಾಪಿನ ಬೆಂಚಿನ ಮೇಲೆ ಪ್ರಜ್ಞೆ ತಪ್ಪಿ ಬಿದ್ದವರನ್ನು ಎದುರಿನ ಔಷಧಿ ಅಂಗಡಿಯವನು ಕಂಡು ಆಸ್ಪತ್ರೆಗೆ ಸಾಗಿಸಿದ. ಜೀವ ಉಳಿಯಿತು. ಉದ್ದನೆಯ ಕಂಡಕ್ಟರ್ ಇಳಿಸಿಹೋದನೆಂದು ಅವನಿಂದ ತಿಳಿದ ಮುದುಕರ ಮಗಳು ಡಿಪೋಗೆ ಬಂದು ದೂರು ಕೊಟ್ಟಳು. ವಿಚಾರಣೆ ಮುಗಿಯುವವರೆಗೆ ಏಣಿಯನ್ನು ಕೆಲಸದಿಂದ ದೂರ ಇಟ್ಟರು.

ಅವನು ನೇರವಾಗಿ ತಣ್ಣೀರಣ್ಣನ ಮನೆಗೆ ಬಂದ. ಬೈಯಬಹುದೆಂದು ಅವರು ಕಾದರು. ಅವನು ಬೈಯಲಿಲ್ಲ.

"ಮೇಷ್ಟ್ರೇ, ನಾನು ಎಲ್ಲಿ ತಪ್ಪಿದೆ? ನೀವು ಹೇಳಿದ ಹಾಗೇ ಮಾಡಿದೆನಲ್ಲ."

ತಣ್ಣೀರಣ್ಣ ಅವನನ್ನು ಒಳಗೆ ಕರೆದು ಕೂರಿಸಿದರು. ಹೆಂಡತಿ ಇಬ್ಬರಿಗೂ ಚಹಾ ಕೊಟ್ಟು, "ಇಲ್ಲಿ ಕೂತು ಮುಖ ಮುಖ ನೋಡ್ಕೊಂಡ್ರೆ ಏನು ಬಂತು? ಹೋಗಿ ಆ ಯಜಮಾನ್ರನ್ನ ನೋಡ್ಕೊಂಡು ಬನ್ನಿ" ಎಂದರು.

ಮುದುಕರು ಮನೆಗೆ ಮರಳಿದ್ದರು. ಬಾಗಿಲು ತೆರೆದ ಮಗಳು ಏಣಿಯ ಎತ್ತರ ಕಂಡೇ ಗುರುತು ಹಿಡಿದು ಮುಖ ಬಿಗಿದುಕೊಂಡಳು. ಒಳಗೆ ದಿಂಬಿಗೊರಗಿ ಕೂತಿದ್ದ ಮುದುಕರು ಮಾತ್ರ ಕಣ್ಣರಳಿಸಿದರು.

"ಬಾರಪ್ಪ, ಬಾ! ಅವತ್ತು ನನ್ನ ಕೈ ಹಿಡ್ಕೊಂಡು ಮೆಟ್ಟಿಲು ಇಳಿಸಿದವನು ನೀನೇ ಅಲ್ವಾ? ನಿನ್ನ ಕೈ ಎಷ್ಟು ದೊಡ್ಡದು ಅನ್ನೋದೊಂದೇ ನನಗೆ ನೆನಪಿರೋದು. ಇಲ್ದಿದ್ರೆ ಬಸ್ಸಲ್ಲೇ ಮಕಾಡೆ ಬೀಳ್ತಿದ್ದೆ. ಒಳ್ಳೇದಾಗ್ಲಿ ನಿನಗೆ."

"ಅಪ್ಪಾ, ಇವನೇ ನಿಮ್ಮನ್ನ ಇಳಿಸಿ ಹೋದವನು!" ಎಂದಳು ಮಗಳು.

"ಹೌದಮ್ಮ, ಅದನ್ನೇ ಹೇಳ್ತಿರೋದು. ಇಳಿಸಿದ."

ಏಣಿ ಅಳತೊಡಗಿದ. ಕ್ಷಮೆ ಕೇಳಲು ಬಂದವನಿಗೆ ಆಶೀರ್ವಾದ ಸಿಕ್ಕಿತ್ತು. ಅದನ್ನು ಹೇಗೆ ತೆಗೆದುಕೊಳ್ಳಬೇಕೆಂದು ಅವನಿಗೂ ಗೊತ್ತಾಗಲಿಲ್ಲ, ಪಕ್ಕದಲ್ಲಿ ನಿಂತಿದ್ದ ತಣ್ಣೀರಣ್ಣನಿಗೂ ಗೊತ್ತಾಗಲಿಲ್ಲ. ಮಗಳು ಒಳಗೆ ಹೋಗಿ ಪಾತ್ರೆಗಳನ್ನು ಸದ್ದು ಮಾಡಿ ಇಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಇಬ್ಬರಿಗೂ ನೀರು ತಂದುಕೊಟ್ಟಳು. ದೂರನ್ನು ಹಿಂತೆಗೆದುಕೊಳ್ಳುವ ಮಾತು ಅವಳೂ ಎತ್ತಲಿಲ್ಲ, ಇವರೂ ಕೇಳಲಿಲ್ಲ.

ಹಿಂತಿರುಗುವ ದಾರಿಯುದ್ದಕ್ಕೂ ತಣ್ಣೀರಣ್ಣನ ತಲೆಯಲ್ಲಿ ಕನ್ನಡಕದ ಹುಡುಗಿಯೇ ಇದ್ದಳು. ಅವಳದೇ ಸರಿಯಾದ ಪಾಠ, ಇನ್ನು ಮುಂದೆ ಅದನ್ನೇ ಕಲಿಸುತ್ತೇನೆ ಎಂದು ತೀರ್ಮಾನಿಸಿ, ಅವಳಿಗೊಂದು ಮಾತು ಹೇಳೋಣವೆಂದು ಡಿಪೋಗೆ ಹೋದರು. ಹುಡುಗಿ ಡ್ಯೂಟಿ ಮುಗಿಸಿ ನಲ್ಲಿಯ ಬಳಿ ಟಿಕೆಟ್ ದುಡ್ಡಿನ ಬಟ್ಟೆ ಚೀಲ ಉಜ್ಜಿ ತೊಳೆಯುತ್ತಿದ್ದಳು.

"ಏನಮ್ಮ ಇದು?"

"ಒಬ್ಬ ತೂರಾಡ್ತಾ ಹತ್ತಿದ ಮೇಷ್ಟ್ರೇ. ಹುಷಾರಿಲ್ವೇನೋ ಅಂತ ಕೂರಿಸಿ ನೀರು ಕೊಟ್ಟೆ. ನಿಜವಾಗ್ಲೂ ಕುಡಿದಿದ್ದ. ಚೀಲದ ಮೇಲೆಲ್ಲ ವಾಂತಿ ಮಾಡಿದ, ಹಿಡಿಯೋಕೆ ಬಂದವರಿಗೆ ಹೊಡೆದ. ಎಲ್ಲರೂ ಸೇರಿ ನನಗೇ ಉಗಿದ್ರು. ನೀವು ಅವತ್ತು ಹೇಳಿದ್ದೇ ಸರಿ. ನಾನು ಕೇಳ್ಲಿಲ್ಲ."

ತಣ್ಣೀರಣ್ಣ ಹೇಳಲು ತಂದ ಮಾತನ್ನು ಅಲ್ಲಿಗೇ ಬಿಟ್ಟರು. ಚೀಲದ ಇನ್ನೊಂದು ತುದಿ ಹಿಡಿದು ಹಿಂಡಲು ನೆರವಾದರು.

ಮರುದಿನ ಮ್ಯಾನೇಜರ್ ಕೇಳಿದರು: "ಪಾಠ ಬದಲಾಯಿಸ್ತೀರಾ?"

"ಬದಲಾಯಿಸ್ಬೇಕು ಸಾರ್. ಯಾವುದಕ್ಕೆ ಅಂತ ಗೊತ್ತಿಲ್ಲ."

"ನಿಮಗೇ ಗೊತ್ತಿಲ್ಲ ಅಂದ್ರೆ ಹೊಸಬರ ಗತಿ?"

"ಅದೇ ನನಗೂ ಭಯ."

ಕೆಲವು ದಿನ ಅವರು ಕುಡುಕನ ಪಾತ್ರವನ್ನೇ ಬಿಟ್ಟರು. ಹೊಸ ತಂಡದವರು ಬೇಕೆಂದು ಹಟ ಹಿಡಿದಾಗ ಕಂಬ ಹಿಡಿದು ನಿಂತರು, ನಾಲಿಗೆ ತೊದಲಿತು, ಆದರೆ ಯಾರಿಗೂ ನಗು ಬರಲಿಲ್ಲ. ಒಬ್ಬ ಓಡಿಬಂದು ಅವರ ತೋಳು ಹಿಡಿದ. ಅವರು "ಸರಿ" ಎನ್ನಲೂ ಇಲ್ಲ, "ತಪ್ಪು" ಎನ್ನಲೂ ಇಲ್ಲ. ಬಾಯಿ ವಾಸನೆ ನೋಡು, ಹೆಸರು ಕೇಳು, ಬೆವರಿದ್ದಾರಾ ಗಮನಿಸು, ಡ್ರೈವರಿಗೆ ತಿಳಿಸು ಎಂದರು. ಅಷ್ಟನ್ನೂ ತುಂಬಿದ ಬಸ್ಸಿನಲ್ಲಿ ಯಾವಾಗ ಮಾಡೋದು ಎಂದು ಒಬ್ಬಳು ಕೇಳಿದಳು. ಅದಕ್ಕೂ ಅವರು ತಲೆ ಕೆರೆದುಕೊಂಡರು.

ಏಣಿಗೆ ಎಚ್ಚರಿಕೆ ಕೊಟ್ಟು ಮತ್ತೆ ಕೆಲಸಕ್ಕೆ ತೆಗೆದುಕೊಂಡರು. ಒಂದು ಸಂಜೆ ನಿಲ್ದಾಣದಲ್ಲಿ ತಣ್ಣೀರಣ್ಣನನ್ನು ಕಂಡು ಅವನು ಓಡಿಬಂದ. ಮುಖ ಇಳಿದುಹೋಗಿತ್ತು.

"ಈಗ ಯಾರಾದ್ರೂ ತೂಕಡಿಸಿದ್ರೂ ಎಬ್ಬಿಸಿ ಹುಷಾರಿದ್ದೀರಾ ಅಂತ ಕೇಳ್ತೀನಿ ಮೇಷ್ಟ್ರೇ. ನಿದ್ದೆ ಕೆಡಿಸ್ದೆ ಅಂತ ಅವರು ಬೈತಾರೆ. ಬಸ್ ಲೇಟಾಯ್ತು ಅಂತ ಡ್ರೈವರಣ್ಣ ಬೈತಾರೆ. ಕೇಳೋದನ್ನ ಬಿಡ್ಲಾ?"

"ಬಿಡಬೇಡ."

"ಹಾಗಾದ್ರೆ ದಿನಾ ಬೈಸ್ಕೊಳ್ಲಾ?"

"ಬೈಸ್ಕೋಬೇಡ... ಅಲ್ಲ, ಬೈಸ್ಕೋ. ಸ್ವಲ್ಪ."

ಏಣಿ ಅವರನ್ನೇ ನೋಡಿದ. ಅವರ ಮುಖದಲ್ಲಿ ಇನ್ನೇನೂ ಸಿಗದೆ ಪಕ್ಕನೆ ನಕ್ಕುಬಿಟ್ಟ. ಡ್ರೈವರ್ ಹಾರನ್ ಬಾರಿಸಿದ. ಏಣಿ ತಲೆ ತಗ್ಗಿಸಿ ಬಸ್ಸು ಹತ್ತಿದ. ಅವನನ್ನು ಹಾಗೇ ಕಳಿಸಲು ಮನಸ್ಸಾಗದೆ ತಣ್ಣೀರಣ್ಣನೂ ಹಿಂದೆಯೇ ಹತ್ತಿ ಕಿಟಕಿಯ ಬಳಿ ಕೂತರು. ಬಸ್ಸು ಹೊರಟಿತು. ಏಣಿ ಒಬ್ಬೊಬ್ಬರಿಗೂ ಟಿಕೆಟ್ ಕೊಡುತ್ತಾ, ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಅವರ ಬಳಿ ಬಂದ.

"ಎಲ್ಲಿಗೆ ಮೇಷ್ಟ್ರೇ?"

"ಈ ಬಸ್ಸು ಎಲ್ಲಿಗೆ ಹೋಗುತ್ತಪ್ಪ?" ಎಂದು ಕೇಳಿದರು ತಣ್ಣೀರಣ್ಣ.